ರಸೀದಿ ಕೊಡದ ಅಧಿಕಾರ



ಈಚೆಗೆ ಎಲ್ಲಿ ಹೋದರೂ ಒಂದು ಮಾತು ಕಿವಿಗೆ ಬೀಳುತ್ತಿದೆ. "ಈ ಚುನಾವಣೆ, ಈ ಪಂಚಾಯಿತಿ, ಈ ಸದಸ್ಯರು ಇವೆಲ್ಲ ಯಾಕೆ ಬೇಕು? ಒಬ್ಬ ಖಡಕ್ ಅಧಿಕಾರಿಯನ್ನು ತಂದು ಕೂರಿಸಿದರೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ" ಎಂಬ ಮಾತು. ಮದುವೆಯ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಬೆಳಗಿನ ವಾಯುವಿಹಾರದಲ್ಲಿ ಇದನ್ನು ಕೇಳಿದ್ದೇನೆ. ಹೇಳುವವರು ಅವಿದ್ಯಾವಂತರಲ್ಲ. ನನ್ನ ಬಳಿಯೇ ಪೌರನೀತಿಯ ಪಾಠ ಕೇಳಿ ನೂರಕ್ಕೆ ತೊಂಬತ್ತು ಅಂಕ ಪಡೆದವರೂ ಅವರಲ್ಲಿದ್ದಾರೆ! ಹಿರಿಯರ ಮಾತಿಗೆ ತಲೆದೂಗಿ ಸುಮ್ಮನಾಗುವುದು ಪಂಕ್ತಿಯಲ್ಲಿ ಕುಳಿತವನ ಸೌಜನ್ಯವಿರಬಹುದು. ಆದರೆ ಮೂವತ್ತು ವರ್ಷಗಳಿಗೂ ಮೀರಿ ಸಮಾಜ ವಿಜ್ಞಾನ ಬೋಧಿಸಿದವನು ಈ ಮಾತಿಗೆ ಉತ್ತರಿಸದೆ ಇರುವುದು ಸರಿಯಲ್ಲ. ಆದ್ದರಿಂದ ಇಂದು ಸ್ವಲ್ಪ ಕಟುವಾಗಿಯೇ ಬರೆಯುತ್ತಿದ್ದೇನೆ. ಯಾರಿಗಾದರೂ ನೋವಾದರೆ ಹಳೆಯ ಮೇಷ್ಟ್ರ ಸಲುಗೆಯೆಂದು ಸಹಿಸಿಕೊಳ್ಳಿ.

ಮೊದಲು 'ಅಧಿಕಾರ' ಎಂಬ ಪದವನ್ನೇ ನೋಡೋಣ. ನಮ್ಮ ಆಡುಮಾತಿನಲ್ಲಿ ಈ ಪದ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲದಲ್ಲಿ ತುಂಬಿಬಿಟ್ಟಿದೆ. ಇನ್ನೊಬ್ಬನಿಂದ ಕೆಲಸ ಮಾಡಿಸಬಲ್ಲ ಶಕ್ತಿಗೂ ಅಧಿಕಾರವೆನ್ನುತ್ತೇವೆ. ಹಾಗೆ ಮಾಡಿಸಲು ಇರುವ ಹಕ್ಕಿಗೂ ಅಧಿಕಾರವೆನ್ನುತ್ತೇವೆ. ಶಾಸ್ತ್ರಗ್ರಂಥಗಳಲ್ಲಿ ಈ ಪದದ ಅರ್ಥ ಇಷ್ಟು ಸಡಿಲವಾಗಿರಲಿಲ್ಲ. ಮೀಮಾಂಸೆಯಲ್ಲಿ ಒಂದು ಕರ್ಮವನ್ನು ಮಾಡಲು ಯಾರು ಅರ್ಹರೋ ಅವರು ಅದರ ಅಧಿಕಾರಿ. ವೇದಾಂತದಲ್ಲಿಯೂ ಅಷ್ಟೇ, ಜಿಜ್ಞಾಸೆಗೆ ಬೇಕಾದ ಸಿದ್ಧತೆ ಪಡೆದವನೇ ಅಧಿಕಾರಿ. ಆ ಅರ್ಹತೆಯನ್ನು ಅಂದು ಯಾರಿಗೆ ಕೊಟ್ಟರು, ಯಾರಿಗೆ ನಿರಾಕರಿಸಿದರು ಎಂಬುದರಲ್ಲಿ ಅನ್ಯಾಯವಿತ್ತು, ಅದನ್ನು ನಾನು ಮರೆತಿಲ್ಲ. ಆದರೂ ಆ ಪದದೊಳಗೆ ಒಂದು ಪ್ರಶ್ನೆ ಅಡಗಿತ್ತು: ಇವನಿಗೆ ಇದನ್ನು ಮಾಡಲು ಏನು ಅರ್ಹತೆ? ನಮ್ಮ ಕಾಲದಲ್ಲಿ ಪ್ರಶ್ನೆ ಉದುರಿಹೋಗಿ ಕುರ್ಚಿ ಮಾತ್ರ ಉಳಿದಿದೆ.

ತರಗತಿಯಲ್ಲಿ ನಾನು ಈ ವ್ಯತ್ಯಾಸವನ್ನು ಒಂದು ಸರಳ ಉದಾಹರಣೆಯಿಂದ ವಿವರಿಸುತ್ತಿದ್ದೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕತ್ತಲಲ್ಲಿ ದಾರಿಗಳ್ಳನೊಬ್ಬ ಅಡ್ಡಗಟ್ಟಿ ನಿಮ್ಮಿಂದ ನೂರು ರೂಪಾಯಿ ಕಿತ್ತುಕೊಳ್ಳುತ್ತಾನೆ. ಮರುದಿನ ಪಂಚಾಯಿತಿಯ ಬಿಲ್ ಕಲೆಕ್ಟರ್ ಮನೆಗೆ ಬಂದು ನೂರು ರೂಪಾಯಿ ಕಂದಾಯ ವಸೂಲು ಮಾಡುತ್ತಾನೆ. ಇಬ್ಬರಿಗೂ ನೀವು ಸಂತೋಷದಿಂದ ಕೊಡಲಿಲ್ಲ. ಇಬ್ಬರ ಹಿಂದೆಯೂ ಒಂದು ಬಲವಿದೆ. ಹಾಗಾದರೆ ವ್ಯತ್ಯಾಸವೇನು? ಎರಡನೆಯವನು ರಸೀದಿ ಕೊಡುತ್ತಾನೆ! ಮಕ್ಕಳು ನಗುತ್ತಿದ್ದರು. ಆದರೆ ಆ ಚೀಟಿಯನ್ನು ಸಾಮಾನ್ಯವೆಂದು ತಿಳಿಯಬೇಡಿ. 'ನಾನು ಇಷ್ಟು ಪಡೆದಿದ್ದೇನೆ, ಇಂಥವರ ಪರವಾಗಿ ಪಡೆದಿದ್ದೇನೆ, ಇಂಥ ದಿನ ಪಡೆದಿದ್ದೇನೆ, ನಾಳೆ ನೀನು ಬಂದು ಲೆಕ್ಕ ಕೇಳಬಹುದು' ಎಂದು ಬಲವುಳ್ಳವನು ಬಲವಿಲ್ಲದವನಿಗೆ ಬರೆದುಕೊಟ್ಟ ಒಪ್ಪಿಗೆ ಅದು. ಬಲವು ಅಧಿಕಾರವಾಗುವುದು ಆ ಒಪ್ಪಿಗೆಯಿಂದ. ಚುನಾವಣೆಯೆಂದರೆ ಇಡೀ ಸಮಾಜ ತಾನು ಒಪ್ಪಿಸಿದ ಅಧಿಕಾರಕ್ಕೆ ಪಡೆಯುವ ರಸೀದಿ. ಅದರ ಮೇಲೆ ದಿನಾಂಕವಿರುತ್ತದೆ, ಅವಧಿ ಮುಗಿಯುವ ದಿನವೂ ಇರುತ್ತದೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲಿ ಮಾಡಿದ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ ಜನ ಆಳ್ವಿಕೆಯನ್ನು ಒಪ್ಪಿಕೊಳ್ಳಲು ಮೂರು ಆಧಾರಗಳನ್ನು ಹೇಳುತ್ತಾನೆ. ಹಿಂದಿನಿಂದ ಬಂದದ್ದೆಂಬ ಸಂಪ್ರದಾಯ ಒಂದು. ಒಬ್ಬ ವ್ಯಕ್ತಿಯ ಅಸಾಧಾರಣ ವರ್ಚಸ್ಸು ಇನ್ನೊಂದು. ಎಲ್ಲರಿಗೂ ಅನ್ವಯಿಸುವ ಕಾನೂನು ಮೂರನೆಯದು. ನಮ್ಮ ಊರುಗಳನ್ನೇ ನೋಡಿ, ಮೂರೂ ಇವೆ. ಪಟೇಲರ ಮನೆತನದವರೆಂದು ತಲೆಬಾಗುವವರಿದ್ದಾರೆ, ನಾಯಕನ ಕಟೌಟಿಗೆ ಹಾಲೆರೆಯುವವರಿದ್ದಾರೆ, ಕಚೇರಿಯ ಮೊಹರಿಗೆ ಕೈಮುಗಿಯುವವರಿದ್ದಾರೆ. ವೇಬರನದು ಸಮಾಜಶಾಸ್ತ್ರಜ್ಞನ ವಿವರಣೆ: ಜನ ಯಾವುದನ್ನು ಒಪ್ಪುತ್ತಾರೆಂದು ಅವನು ಹೇಳಿದ. ಯಾವುದನ್ನು ಒಪ್ಪಬೇಕು ಎಂಬುದು ನಾವು ಉತ್ತರಿಸಬೇಕಾದ ಪ್ರಶ್ನೆ. ನನ್ನ ಉತ್ತರವಿಷ್ಟೇ: ಪ್ರಶ್ನೆ ಕೇಳಲು ಒಂದು ಸ್ಥಳ, ಉತ್ತರ ಹೇಳಲೇಬೇಕಾದ ಒಬ್ಬ ವ್ಯಕ್ತಿ, ಅವನು ಇಳಿಯಲೇಬೇಕಾದ ಒಂದು ದಿನ, ಈ ಮೂರೂ ಇದ್ದರೆ ಅದು ಅಧಿಕಾರ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಅದು ಬರೀ ಬಲ, ಎಷ್ಟೇ ಸಜ್ಜನರ ಕೈಯಲ್ಲಿರಲಿ.

ಈ ವಿಷಯದಲ್ಲಿ ಕನ್ನಡನಾಡಿಗೆ ಹೆಮ್ಮೆಪಡುವಂತಹ ಇತಿಹಾಸವಿದೆ. 1881ರ ಮಾರ್ಚ್‌ನಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರ ವಂಶಕ್ಕೆ ಮರಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. 144 ಮಂದಿ ಸದಸ್ಯರು. ಅವರು ಜಮೀನುದಾರರು, ವರ್ತಕರು. ಬಡ ರೈತನಿಗೆ ಅಲ್ಲಿ ಜಾಗವಿರಲಿಲ್ಲ. ಚುನಾವಣೆ ಬಂದದ್ದು ಹತ್ತು ವರ್ಷಗಳ ಅನಂತರ, 1891ರಲ್ಲಿ. ಮೊದಲಿಗೆ ಸಭೆಗೆ ಶಾಸನ ಮಾಡುವ ಶಕ್ತಿಯೂ ಇರಲಿಲ್ಲ. ಹಾಗಿದ್ದರೂ ಅದು ದೊಡ್ಡ ಹೆಜ್ಜೆಯೆಂದು ನಾನೇಕೆ ಹೇಳುತ್ತೇನೆ? ಸಂಸ್ಥಾನದ ದಿವಾನರು ವರ್ಷಕ್ಕೊಮ್ಮೆ ಪ್ರಜೆಗಳ ಎದುರು ನಿಂತು ಆಡಳಿತದ ವರದಿ ಒಪ್ಪಿಸಬೇಕಾಗಿ ಬಂತು, ಪ್ರಜೆಗಳು ಎದ್ದು ತಮ್ಮ ಊರಿನ ಕೆರೆಯ ಬಗ್ಗೆ, ಕಂದಾಯದ ಬಗ್ಗೆ ಕೇಳಬಹುದಾಯಿತು. ರಾಜರ ಆಳ್ವಿಕೆಯಲ್ಲಿ, ಅದೂ ನೂರ ನಲವತ್ತು ವರ್ಷಗಳಿಗೂ ಹಿಂದೆ!

ಶತಮಾನ ಕಳೆದ ಮೇಲೆ ಇನ್ನೊಂದು ಹೆಜ್ಜೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ, ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯಿದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. ಕೊಳವೆಬಾವಿಗಳನ್ನು ತೋಡಿಸಿ 'ನೀರ್ ಸಾಬ್' ಎಂದು ಹೆಸರಾದ ಆ ಮಂತ್ರಿಯನ್ನು ಜನ ನೀರಿಗಾಗಿ ನೆನೆಯುತ್ತಾರೆ. ನಾನು ಅವರನ್ನು ನೆನೆಯುವುದು ಇನ್ನೂ ಒಂದು ಕಾರಣಕ್ಕೆ. ತನ್ನ ಇಲಾಖೆಯ ಅಧಿಕಾರವನ್ನು ತಾನೇ ಕೆಳಗಿನವರಿಗೆ ಹಂಚಿಕೊಟ್ಟ ಮಂತ್ರಿಯನ್ನು ನಾವು ಎಷ್ಟು ಮಂದಿಯನ್ನು ಕಂಡಿದ್ದೇವೆ? ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. ದೇಶದ ಸಂವಿಧಾನ ಇಂತಹ ಮಾತನ್ನು ಆಡುವ ಮೊದಲೇ!

ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಏನಾಯಿತು? ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಅಧಿಕಾರ ಹಂಚುವುದರಲ್ಲಿ ದೇಶಕ್ಕೇ ಮಾದರಿ ಎನಿಸಿಕೊಂಡ ರಾಜ್ಯದಲ್ಲಿಯೇ ಹೀಗಾಯಿತು. ಬೇರೆ ರಾಜ್ಯಗಳಲ್ಲಿಯೂ ಪಂಚಾಯಿತಿಗಳನ್ನು ಮನಸ್ಸಿಗೆ ಬಂದಾಗ ವಿಸರ್ಜಿಸಿ, ವರ್ಷಗಟ್ಟಲೆ ಚುನಾವಣೆ ಮರೆತುಬಿಡುವುದು ವಾಡಿಕೆಯಾಗಿತ್ತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಈ ಚಾಳಿಗೆ ಕಡಿವಾಣ ಹಾಕಲೆಂದೇ 243-ಇ ವಿಧಿಯನ್ನು ಸೇರಿಸಿತು. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ ನಡೆಸಬೇಕು. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾವ ಭಾಷೆಯಲ್ಲಿ ಸಾಧ್ಯ? ಇಂಥದೇ ನಿಯಮ ನಗರಸಭೆಗಳಿಗೂ ಇದೆ. 2006ರಲ್ಲಿ ಅಹಮದಾಬಾದ್ ನಗರಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ, ಪ್ರಕೃತಿ ವಿಕೋಪ, ದೊಂಬಿಗಳಂತಹ ಅಸಾಧಾರಣ ಸಂದರ್ಭಗಳನ್ನು ಬಿಟ್ಟರೆ ಈ ಗಡುವನ್ನು ಮೀರುವಂತಿಲ್ಲವೆಂದು ಹೇಳಿತು.

ಇಷ್ಟಾದ ಮೇಲೆ ನಮ್ಮ ನಾಡಿನಲ್ಲಿ ನಡೆದದ್ದನ್ನು ಕೇಳಿ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದು ಕೋವಿಡ್ ಎರಡನೆಯ ಅಲೆಯ ವರ್ಷ. ಕೆಲವು ತಿಂಗಳು ಮುಂದೂಡಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅದೇ ವರ್ಷ ಕಾಯಿದೆಗೆ ತಿದ್ದುಪಡಿ ತಂದು ಕ್ಷೇತ್ರ ಮರುವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ಒಪ್ಪಿಸಲಾಯಿತು. ಮರುವಿಂಗಡಣೆ, ಮೀಸಲಾತಿ ಪಟ್ಟಿ, ಆಕ್ಷೇಪಣೆ, ನ್ಯಾಯಾಲಯ, ಗಡುವು, ಮತ್ತೆ ಗಡುವು... ಹೀಗೆ ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ನಡುವೆ 2023ರಲ್ಲಿ ಸರ್ಕಾರ ಬದಲಾಯಿತು, ಆಳುವ ಪಕ್ಷ ಬದಲಾಯಿತು, ಈ ಒಂದು ವಿಷಯ ಮಾತ್ರ ಬದಲಾಗಲಿಲ್ಲ! ಬೆಂಗಳೂರಿನವರು ನಗಬೇಕಾಗಿಲ್ಲ. ನಿಮ್ಮ ಮಹಾನಗರ ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆದು, 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಐದು ವರ್ಷಗಳ ಅನಂತರ, 2025ರಲ್ಲಿ, ಆ ಪಾಲಿಕೆಯನ್ನೇ ಐದಾಗಿ ಒಡೆದರು. ಅಲ್ಲಿಯವರೆಗೆ ಇನ್ನೊಂದು ಚುನಾವಣೆಯನ್ನು ಅದು ಕಾಣಲೇ ಇಲ್ಲ. ಒಂದು ಪೂರ್ಣ ಅವಧಿ ಜನಪ್ರತಿನಿಧಿಗಳಿಲ್ಲದೆ ಕಳೆದುಹೋಯಿತು. ಇದನ್ನು ಬೇಲಿಯೇ ಎದ್ದು ಹೊಲ ಮೇಯುವುದು ಎನ್ನದೆ ಇನ್ನೇನೆನ್ನಬೇಕು?

"ಆದರೇನಂತೆ ಮೇಷ್ಟ್ರೇ, ಕೆಲಸ ನಡೆಯುತ್ತಿದೆಯಲ್ಲ" ಎನ್ನುವಿರಿ. ನಡೆಯುವ ಕೆಲಸ ಎಂಥದ್ದೆಂದು ನನ್ನ ಕಣ್ಣೆದುರಿನ ಒಂದು ನಿದರ್ಶನದಿಂದಲೇ ಹೇಳುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳು 2016ರಲ್ಲಿ ಮೀಸಲು ಸ್ಥಾನದಿಂದ ತಾಲ್ಲೂಕು ಪಂಚಾಯಿತಿಗೆ ಆಯ್ಕೆಯಾದಳು. ಹತ್ತನೆಯ ತರಗತಿಯ ಮೇಲೆ ಓದಿದವಳಲ್ಲ. ಮೊದಲ ಸಭೆಗೆ ಗಂಡನೇ ಜೊತೆಗೆ ಬಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡನಂತೆ. ನಾಲ್ಕನೆಯ ಸಭೆಯ ಹೊತ್ತಿಗೆ ಅವನನ್ನು ಹೊರಗೆ ಬೈಕಿನ ಹತ್ತಿರ ಕಾಯಲು ಹೇಳಿದಳಂತೆ! ಅವಳ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯ ಕಟ್ಟಿ ಎರಡು ವರ್ಷವಾಗಿದ್ದರೂ ನೀರಿನ ಪೈಪು ಬಂದಿರಲಿಲ್ಲ. ಕಡತದಲ್ಲಿ ಮಾತ್ರ ನೀರು ಹರಿಯುತ್ತಿತ್ತು. ಅವಳು ಸಭೆಯಲ್ಲಿ ಎದ್ದು ಕೇಳಿದಳು. "ಪರಿಶೀಲಿಸಲಾಗುವುದು" ಎಂದರು. ಮುಂದಿನ ಸಭೆಯಲ್ಲಿ ಮತ್ತೆ ಕೇಳಿದಳು. ಅಧಿಕಾರಿಗೆ ಕಿರಿಕಿರಿಯಾಯಿತು. ಮೂರನೆಯ ಸಲ ಕೇಳಿದಾಗ ಉಳಿದ ಸದಸ್ಯರೂ ತಮ್ಮ ತಮ್ಮ ಊರಿನ ಶಾಲೆಗಳ ಹೆಸರು ಹೇಳತೊಡಗಿದರು. ನಾಲ್ಕನೆಯ ಸಭೆಯ ಮೊದಲೇ ಪೈಪು ಬಂತು.

ಈಗ ಅದೇ ಶಾಲೆಯ ಎರಡು ಕೊಠಡಿಗಳ ಚಾವಣಿ ಸೋರುತ್ತಿತ್ತು, 2022ರ ಮಳೆಗಾಲದಲ್ಲಿ. ಶಾಲಾಭಿವೃದ್ಧಿ ಸಮಿತಿಯವರು ಅರ್ಜಿ ಬರೆಸಲು ನನ್ನ ಬಳಿಗೆ ಬಂದರು, ಬರೆದುಕೊಟ್ಟೆ. ಅದಕ್ಕೆ ಉತ್ತರವಿಲ್ಲ. ಜ್ಞಾಪನಪತ್ರ ಬರೆದೆವು. ಕಚೇರಿಗೆ ಹೋದಾಗ ಹಿಂದಿನ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಬಹಳ ಸೌಜನ್ಯದಿಂದ ಕೂರಿಸಿ ಚಹಾ ತರಿಸಿದರು, ಹೊಸದಾಗಿ ಅರ್ಜಿ ಕೊಡಲು ಹೇಳಿದರು. ಮುಂದಿನ ಮಳೆಗಾಲದ ಹೊತ್ತಿಗೆ ಅವರಿಗೂ ವರ್ಗ. ಆ ಅಧಿಕಾರಿಗಳು ಕೆಟ್ಟವರೆಂದು ನಾನು ಹೇಳುವುದಿಲ್ಲ. ನೂರಾರು ಊರುಗಳ ನಡುವೆ ಈ ಊರಿನ ಚಾವಣಿ ಅವರಿಗೆ ಒಂದು ಕಾಗದ ಮಾತ್ರ, ಅಷ್ಟೇ. ಅವರಿಗೆ ಬಡ್ತಿ ಕೊಡುವವರು ನಾವಲ್ಲ, ವರ್ಗ ಮಾಡುವವರು ನಾವಲ್ಲ. ನಮ್ಮ ಮತ ಅವರಿಗೆ ಬೇಕಾಗಿಲ್ಲ. ಹಾಗಿರುವಾಗ ಅವರು ನಮಗೆ ಉತ್ತರಿಸಿದರೆ ಅದು ಅವರ ದೊಡ್ಡ ಗುಣ. ಉತ್ತರಿಸದಿದ್ದರೆ ಅದು ನಮ್ಮ ಹಣೆಬರಹ. ಒಂದು ಸಮಾಜ ತನ್ನ ಮಕ್ಕಳ ತಲೆಯ ಮೇಲಿನ ಸೂರನ್ನು ಯಾರದೋ ದೊಡ್ಡ ಗುಣಕ್ಕೆ ಬಿಟ್ಟುಕೊಡಬಹುದೇ? ಖಡಕ್ ಅಧಿಕಾರಿ ಬೇಕೆನ್ನುವವರು ಮರೆಯುವುದು ಇದನ್ನೇ. ಖಡಕ್ ಅಧಿಕಾರಿ ಬಂದರೆ ಮುಂದೆ ಅವನ ಜಾಗಕ್ಕೆ ಬರುವವನು ಯಾರು? ಅವನು ನಿಮ್ಮ ಮೇಲೆಯೇ ಖಡಕ್ಕಾದರೆ ಹೋಗಿ ಕೇಳುವುದು ಯಾರನ್ನು?

ಇನ್ನು ಆಕ್ಷೇಪಗಳಿಗೆ ಬರೋಣ. ಸದಸ್ಯರು ಭ್ರಷ್ಟರು, ಕಂಟ್ರಾಕ್ಟರುಗಳ ಜೊತೆ ಶಾಮೀಲಾಗುತ್ತಾರೆ, ಮಹಿಳಾ ಸದಸ್ಯರ ಹೆಸರಿನಲ್ಲಿ ಪತಿರಾಯರು ದರ್ಬಾರು ನಡೆಸುತ್ತಾರೆ. ನಿಜ. ಇವೆಲ್ಲವನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ರೋಗಿಗೆ ಜ್ವರವಿದೆಯೆಂದು ವೈದ್ಯನನ್ನು ಬದಲಿಸುತ್ತೇವೆಯೇ ಹೊರತು ರೋಗಿಯ ನಾಲಗೆಯನ್ನು ಕತ್ತರಿಸುವುದಿಲ್ಲ. ಕೆಟ್ಟ ಸದಸ್ಯನನ್ನು ಇಳಿಸಲು ಒಂದು ದಿನ ಗೊತ್ತಾಗಿದೆ; ಅವನಿಗೂ ಆ ದಿನದ ಭಯವಿದೆ. ಅವನ ಮನೆ ನಮ್ಮ ಬೀದಿಯಲ್ಲಿದೆ, ಅವನ ತಾಯಿ ನಮ್ಮ ನಲ್ಲಿಯಲ್ಲಿ ನೀರು ಹಿಡಿಯುತ್ತಾಳೆ. ಲಂಚ ತಿಂದ ಸದಸ್ಯನನ್ನು ಬೈಯಲು ಊರಿಗೆ ಧೈರ್ಯವಿದೆ. ಆಡಳಿತಾಧಿಕಾರಿಯ ಕಾಲದಲ್ಲಿ ಲಂಚವೇ ಇರಲಿಲ್ಲವೆಂದು ನಿಮ್ಮಲ್ಲಿ ಯಾರಾದರೂ ಎದೆಮುಟ್ಟಿಕೊಂಡು ಹೇಳಬಲ್ಲಿರಾ? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸದಸ್ಯರನ್ನು ನೋಡಿ ಹುಟ್ಟಿದ್ದಲ್ಲ! ಪತಿರಾಯರ ವಿಷಯಕ್ಕೂ ಇದೇ ಉತ್ತರ. ಸದಸ್ಯೆಯ ಗಂಡನನ್ನು ಬೈಕಿನ ಹತ್ತಿರ ಕಾಯಿಸಲು ಸದಸ್ಯೆಗೆ ನಾಲ್ಕು ಸಭೆಗಳಾದರೂ ಬೇಕು. ಸಭೆಗಳೇ ಇಲ್ಲದ ಕಡೆ ಅವಳು ಅದನ್ನು ಕಲಿಯುವುದೆಲ್ಲಿ?

ಎರಡನೆಯ ಆಕ್ಷೇಪ ಹೆಚ್ಚು ನಯವಾದದ್ದು, ಆದ್ದರಿಂದ ಹೆಚ್ಚು ಅಪಾಯಕಾರಿ. "ಚುನಾವಣೆಯಿಂದ ಊರು ಒಡೆಯುತ್ತದೆ. ಹಿರಿಯರು ಕುಳಿತು ಅವಿರೋಧವಾಗಿ ಆಯ್ಕೆ ಮಾಡಿದರೆ ಒಗ್ಗಟ್ಟು ಉಳಿಯುತ್ತದೆ." ಕೇಳಲು ಎಷ್ಟು ಇಂಪಾಗಿದೆ! 2020ರ ಡಿಸೆಂಬರಿನಲ್ಲಿ ಎರಡು ಹಂತಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಈ ಒಗ್ಗಟ್ಟಿನ ನಿಜರೂಪ ರಾಜ್ಯದ ಹಲವು ಕಡೆಗಳಲ್ಲಿ ಬಯಲಾಯಿತು. ಸದಸ್ಯ ಸ್ಥಾನಗಳನ್ನು ಊರಿನ ಮುಂದೆ ಹರಾಜು ಹಾಕಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಹೆಚ್ಚು ಕೂಗಿದವನಿಗೆ ಸ್ಥಾನ, ಹಣ ದೇವಸ್ಥಾನದ ಜೀರ್ಣೋದ್ಧಾರಕ್ಕೆ! ಇಂತಹ ಹರಾಜು ಅಪರಾಧವೆಂದು ಚುನಾವಣಾ ಆಯೋಗ ಎಚ್ಚರಿಸಬೇಕಾಯಿತು. ಆಗ ಹಲವರು ನನ್ನೊಡನೆ ವಾದಿಸಿದರು: "ಹೇಗೂ ಚುನಾವಣೆಯಲ್ಲಿ ಹೆಂಡಕ್ಕೆ ಖರ್ಚಾಗುವ ದುಡ್ಡು, ದೇವರಿಗಾದರೂ ಸಲ್ಲಲಿ ಬಿಡಿ."

ದೇವರ ಹೆಸರನ್ನು ತಂದ ಕೂಡಲೇ ಲೆಕ್ಕ ಕೇಳುವುದು ಪಾಪವಾಗಿಬಿಡುತ್ತದೆ, ಈ ವಾದದ ಚಾತುರ್ಯವೇ ಅಲ್ಲಿದೆ. ಹರಾಜಿನಲ್ಲಿ ಕೂಗಲು ಯಾರಿಗೆ ಸಾಧ್ಯ? ಕೂಲಿಯವನಿಗೆ ಸಾಧ್ಯವೇ? ಊರಾಚೆಯ ಕೇರಿಯ ವಿಧವೆಗೆ ಸಾಧ್ಯವೇ? ಮತಗಟ್ಟೆಯಲ್ಲಿ ಅವಳದೂ ಒಂದು ಮತ, ಜಮೀನ್ದಾರನದೂ ಒಂದು ಮತ. ಹರಾಜು ಕಟ್ಟೆಯಲ್ಲಿ ಅವಳದು ಸೊನ್ನೆ. ದುಡ್ಡು ಕೊಟ್ಟು ಕೊಂಡವನು ಅದನ್ನು ತನ್ನ ಸೊತ್ತೆಂದೇ ತಿಳಿಯುತ್ತಾನೆ. ನಾಳೆ ನೀವು ಚರಂಡಿಯ ಬಗ್ಗೆ ಕೇಳಿದರೆ "ನಿನ್ನ ಮತದಿಂದ ಬಂದವನಲ್ಲ ನಾನು" ಎಂದು ಅವನು ಹೇಳಿದರೆ ಅದು ಸುಳ್ಳೂ ಅಲ್ಲ. ಹಿರಿಯರ ಆಯ್ಕೆಯಲ್ಲಿ ಹಣವಿಲ್ಲದಿರಬಹುದು, ಆದರೆ ಆ ಹಿರಿಯರನ್ನು ಹಿರಿಯರೆಂದು ಆರಿಸಿದವರು ಯಾರು? ಅವರ ಪಂಕ್ತಿಯಲ್ಲಿ ಹೆಂಗಸರೆಷ್ಟು? ಕೇರಿಯವರೆಷ್ಟು? ಎಲ್ಲರೂ ಒಪ್ಪಿದರು ಎನ್ನುವುದಕ್ಕೂ ಯಾರೂ ಬಾಯಿ ಬಿಡಲಿಲ್ಲ ಎನ್ನುವುದಕ್ಕೂ ಅಜಗಜಾಂತರ. ಪಂಚರಲ್ಲಿ ಪರಮೇಶ್ವರನಿದ್ದಾನೆಂದು ನಂಬೋಣ. ಆದರೆ ಆ ಪರಮೇಶ್ವರನಿಗೂ ಐದು ವರ್ಷಕ್ಕೊಮ್ಮೆ ಮತಪೆಟ್ಟಿಗೆಯ ದರ್ಶನವಾಗಲಿ.

ಮೂರನೆಯ ಆಕ್ಷೇಪ, "ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿದೆಯಲ್ಲ" ಎಂಬುದು. ಕಾಯಿದೆಯನ್ನು ಶಾಸನಸಭೆಯೇ ತಿದ್ದಿದೆ, ಆಡಳಿತಾಧಿಕಾರಿಯನ್ನು ಆದೇಶದ ಮೂಲಕವೇ ನೇಮಿಸಿದೆ, ಇನ್ನೇನು ತಕರಾರು? ಕಾನೂನುಬದ್ಧವಾದದ್ದೆಲ್ಲ ನ್ಯಾಯಬದ್ಧ ಅಧಿಕಾರವಾಗುವುದಿಲ್ಲ ಎಂಬುದನ್ನು ನನ್ನ ತಲೆಮಾರಿನವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. 1975ರ ಜೂನ್ 25ರಂದು ಘೋಷಿಸಿದ ತುರ್ತುಪರಿಸ್ಥಿತಿಗೆ ಸಂವಿಧಾನದ ವಿಧಿಯೇ ಆಧಾರವಾಗಿತ್ತು, ರಾಷ್ಟ್ರಪತಿಗಳ ಸಹಿಯಿತ್ತು, ಸಂಸತ್ತಿನ ಒಪ್ಪಿಗೆಯಿತ್ತು. ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿವೆಯೆಂದು ಜನ ಆಗಲೂ ತಲೆದೂಗಿದರು. 1976ರಲ್ಲಿ ನಡೆಯಬೇಕಾಗಿದ್ದ ಲೋಕಸಭೆಯ ಚುನಾವಣೆಯನ್ನು ಮುಂದೂಡಿದರು. ಅದೇ ವರ್ಷದ 42ನೆಯ ತಿದ್ದುಪಡಿ ಲೋಕಸಭೆಯ ಐದು ವರ್ಷಗಳ ಅವಧಿಯನ್ನು ಆರಕ್ಕೇರಿಸಿತು. ತಮ್ಮ ರಸೀದಿಯ ಮೇಲಿನ ದಿನಾಂಕವನ್ನು ತಾವೇ ತಿದ್ದಿಕೊಂಡರು! ಅದನ್ನು ಮತ್ತೆ ಐದಕ್ಕೆ ಇಳಿಸಲು ಇನ್ನೊಂದು ಸಂಸತ್ತು, 1978ರ 44ನೆಯ ತಿದ್ದುಪಡಿ, ಬೇಕಾಯಿತು.

ಆ ಕಾಲದಲ್ಲಿ ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿಯವರಂತಹ ನಾಯಕರಿದ್ದರು. 'ಸಂಸ್ಕಾರ' ಚಿತ್ರದಲ್ಲಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರೂ ಅಲ್ಲಿಯೇ ಇದ್ದರು. ಉಬ್ಬಸದಿಂದ ಜರ್ಝರಿತರಾಗಿದ್ದ ಅವರನ್ನು 1977ರ ಜನವರಿಯಲ್ಲಿ ಬಿಡುಗಡೆ ಮಾಡಿದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಂಥವರು ನ್ಯಾಯಾಲಯಕ್ಕೆ ಹೋಗಿ 'ನನ್ನನ್ನೇಕೆ ಬಂಧಿಸಿದ್ದೀರಿ' ಎಂದು ಕೇಳುವ ಬಾಗಿಲನ್ನೂ 1976ರ ಏಪ್ರಿಲ್‌ನಲ್ಲಿ ಜಬಲ್ಪುರ ಪ್ರಕರಣದ ತೀರ್ಪು ಮುಚ್ಚಿಬಿಟ್ಟಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವೇ ತಪ್ಪೆಂದು ತಳ್ಳಿಹಾಕಿದ್ದು 2017ರಲ್ಲಿ, ಖಾಸಗಿತನದ ಹಕ್ಕನ್ನು ಕುರಿತ ಮೊಕದ್ದಮೆಯಲ್ಲಿ. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಬಗ್ಗೆ ಪ್ರಶ್ನೆಯೆತ್ತಿದಾಗ ಅವರಿಗೆ ಎಂಬತ್ತು ದಾಟಿತ್ತು. ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ, ಪ್ರಶ್ನೆಯೊಂದಿತ್ತು. ಪ್ರಶ್ನೆಗೆ ಬಾಗಿಲು ತೆರೆದಿದ್ದರೆ ನಿವೃತ್ತ ವೃದ್ಧರೊಬ್ಬರೂ ರಾಜ್ಯಶಕ್ತಿಯನ್ನು ನಿಲ್ಲಿಸಿ ಮಾತನಾಡಿಸಬಲ್ಲರು. ಬಾಗಿಲು ಮುಚ್ಚಿದ್ದರೆ ದೇಶದ ದೊಡ್ಡ ನಾಯಕನೂ ಜೈಲಿನ ಗೋಡೆಯನ್ನು ನೋಡುತ್ತ ಕೂರಬೇಕು.

ತುರ್ತುಪರಿಸ್ಥಿತಿಯನ್ನೂ ಮುಂದೂಡಿದ ಪಂಚಾಯಿತಿ ಚುನಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೀರಾ ಎಂದು ಕೇಳಬೇಡಿ. ಎರಡರ ಘೋರತೆ ಒಂದೇ ಅಲ್ಲವೆಂದು ನನಗೂ ಗೊತ್ತು. ಪಂಚಾಯಿತಿ ಇಲ್ಲದ ಕಾರಣಕ್ಕೆ ಯಾರೂ ಜೈಲಿಗೆ ಹೋಗಲಿಲ್ಲ. ಆದರೆ ಅಭ್ಯಾಸ ಒಂದೇ: ಅವಧಿಯನ್ನು ತನಗೆ ಅನುಕೂಲವಾದಂತೆ ಎಳೆಯುವುದು, ಜನ ಗಮನಿಸುವರೇ ಎಂದು ಕಾದುನೋಡುವುದು. 1977ರಲ್ಲಿ ಜನ ಗಮನಿಸಿದರು, ಮತ ಹಾಕಿ ಉತ್ತರ ಕೊಟ್ಟರು. ಈ ಸಲ ಯಾರೂ ಗಮನಿಸಲಿಲ್ಲವೆಂಬುದೇ ನನ್ನ ಸಂಕಟ. ವಿಧಾನಸಭೆಗೆ ನಾಲ್ಕು ವರ್ಷ ಚುನಾವಣೆ ನಡೆಯದಿದ್ದರೆ ನೀವು ಸುಮ್ಮನಿರುತ್ತಿದ್ದಿರೇ? ಮನೆಯ ಹತ್ತಿರದ ಪ್ರತಿನಿಧಿ ಇಲ್ಲವಾದಾಗ ಮಾತ್ರ ಯಾರಿಗೂ ನಿದ್ದೆ ಕೆಡಲಿಲ್ಲ. ಇದರಿಂದ ಲಾಭವಾದವರು ಯಾರೆಂದು ಯೋಚಿಸಿ. ಕೆಳಗೆ ಹಂಚಬೇಕಾದ ಅನುದಾನ, ಕಾಮಗಾರಿಯ ಆಯ್ಕೆ, ಅಧಿಕಾರಿಗಳ ಮೇಲಿನ ಹಿಡಿತ ಇವೆಲ್ಲವೂ ಮೇಲಿನವರ ಕೈಯಲ್ಲಿಯೇ ಉಳಿದವು. ಮೇಲಿನವರು ಯಾವ ಪಕ್ಷದವರೇ ಆಗಿರಲಿ, ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಅವರಿಗೆ ಬೇಡ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ನಮ್ಮ ಹಿರಿಯರು ಸಾಲದ ವಿಷಯಕ್ಕೆ ಹೇಳಿದ ಗಾದೆ ಮತದ ವಿಷಯಕ್ಕೂ ಸರಿಯಾಗಿ ಹೊಂದುತ್ತದೆ. ಅಧಿಕಾರ ಕೊಟ್ಟವರು ನಾವು. ಅದನ್ನು ನಾವು ಸಾಲವಾಗಿ ಕೊಟ್ಟೆವು, ದಾನವಾಗಿ ಅಲ್ಲ.

ನಿಮ್ಮಲ್ಲಿ ಅನೇಕರು ಇಂದು ಒಂದಲ್ಲ ಒಂದು ಕುರ್ಚಿಯಲ್ಲಿ ಕುಳಿತಿದ್ದೀರಿ. ತಹಶೀಲ್ದಾರರಿದ್ದೀರಿ, ಎಂಜಿನಿಯರುಗಳಿದ್ದೀರಿ, ಮುಖ್ಯೋಪಾಧ್ಯಾಯರಿದ್ದೀರಿ, ಸಂಘದ ಅಧ್ಯಕ್ಷರಿದ್ದೀರಿ. ಬಂಧುಗಳಲ್ಲಿ ಕುಟುಂಬದ ಯಜಮಾನರಿದ್ದೀರಿ. ನಿಮಗೆ ನನ್ನ ವಿನಂತಿ ಇಷ್ಟು. ನಿಮ್ಮ ಕೈಕೆಳಗಿನವರು, ನಿಮ್ಮ ಮುಂದೆ ಅರ್ಜಿ ಹಿಡಿದು ನಿಂತವರು, ನಿಮ್ಮ ಮನೆಯ ಸೊಸೆ, ಮಗಳು, ನಿಮ್ಮನ್ನು 'ಏಕೆ' ಎಂದು ಕೇಳಿದಾಗ ಅದನ್ನು ಅವಿಧೇಯತೆಯೆಂದು ಎಣಿಸಬೇಡಿ. ನಿಮ್ಮ ಮಾತಿಗೆ ಇನ್ನೂ ಬೆಲೆಯಿದೆಯೆಂದು ನಂಬಿದವರು ಮಾತ್ರ ಹಾಗೆ ಕೇಳುತ್ತಾರೆ.

ಕುರ್ಚಿಯಿಲ್ಲದ ಉಳಿದವರಿಗೆ ಇನ್ನೊಂದು ವಿನಂತಿ. ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು, ಅವರ ಅವಧಿ ಎಂದು ಮುಗಿಯಿತು, ಅವರ ಕೆಲಸವನ್ನು ಅನಂತರ ಯಾರು ಮಾಡಿದರು ಎಂದು ಒಮ್ಮೆ ವಿಚಾರಿಸಿ. ಗ್ರಾಮಸಭೆಯ ದಿನ ಊರಿನಲ್ಲಿದ್ದರೆ ದಯಮಾಡಿ ಹೋಗಿ ಕುಳಿತುಕೊಳ್ಳಿ. ನಡಾವಳಿ ಪುಸ್ತಕದಲ್ಲಿ ನಿಮ್ಮ ಪ್ರಶ್ನೆಯನ್ನು ಬರೆಸದೆ ಸಹಿ ಹಾಕಬೇಡಿ. ಮತ ಕೇಳಲು ಶಾಸಕರು ಮನೆಗೆ ಬಂದಾಗ ರಸ್ತೆಯ ಬಗ್ಗೆ ಕೇಳುವ ಮೊದಲು, "ಪಂಚಾಯಿತಿ ಚುನಾವಣೆಯನ್ನು ಸಕಾಲದಲ್ಲಿ ನಡೆಸಲು ನೀವು ಸದನದಲ್ಲಿ ಏನು ಮಾತನಾಡಿದಿರಿ?" ಎಂದು ಕೇಳಿ. ಉತ್ತರ ಬಂದರೆ ನನಗೂ ಬರೆದು ತಿಳಿಸಿ. ಬಾರದಿದ್ದರೆ ಮುಂದಿನ ಸಲವೂ ಅದನ್ನೇ ಕೇಳಿ. ಆ ಹೆಣ್ಣುಮಗಳು ಪೈಪು ತರಿಸಿದ್ದು ಹಾಗೆಯೇ.

ಎಲ್ಲರಿಗೂ ಶುಭವಾಗಲಿ.

ಇಂತು ನಿಮ್ಮ ಮೇಷ್ಟ್ರು